ಅಡಿಗೆ ಕಟ್ಟೆಗೆ ಯಾವ ಕಲ್ಲು? ಕರಿ ಗ್ರಾನೈಟೋ, ಬಿಳಿ ಕ್ವಾರ್ಟ್ಸೋ?

ಡೊಂಬಿವಲಿಯ ಮನೆಯಾಕೆ

ಎಲ್ಲರಿಗೂ ನಮಸ್ಕಾರ. ನಾವು ಇರುವುದು ಡೊಂಬಿವಲಿ ಪೂರ್ವದಲ್ಲಿ, ಊರು ಕಾಪು ಹತ್ತಿರ. ಹಳೆ ಸೊಸೈಟಿ, ಮೂರನೇ ಮಾಳಿಗೆ. ಮಳೆಗಾಲ ಮುಗಿದ ಕೂಡಲೇ ಅಡಿಗೆಮನೆ ಪೂರ್ತಿ ಒಡೆಸಿ ಹೊಸತು ಮಾಡಿಸುವುದು ಅಂತ ಆಗಿದೆ. ಪೈಪು, ವೈರಿಂಗು, ಗೋಡೆಯ ಟೈಲ್ಸು, ಇದಕ್ಕೆಲ್ಲ ಮನೆಯಲ್ಲಿ ಒಪ್ಪಿಗೆ ಉಂಟು. ಕಟ್ಟೆಯ ಕಲ್ಲು ಒಂದಕ್ಕೆ ಮಾತ್ರ ಮೂವರದ್ದು ಮೂರು ಮಾತು.

ಈಗ ಇರುವುದು ಕಡಪ ಕಲ್ಲಿನ ಕಟ್ಟೆ. ಇಲ್ಲಿಯವರು ಓಟಾ ಅಂತಾರಲ್ಲ, ಅದೇ. ಬಿಲ್ಡರ್ ಹಾಕಿಕೊಟ್ಟದ್ದು. ಸಿಂಕಿನ ಹತ್ತಿರ ಮತ್ತು ನಾನು ಹುಳಿ ಕಿವುಚುವ ಜಾಗದಲ್ಲಿ ಬೂದಿ ಬಣ್ಣಕ್ಕೆ ತಿರುಗಿದೆ, ಎಷ್ಟು ತಿಕ್ಕಿದರೂ ಮೊದಲಿನ ಕಪ್ಪು ಬರುವುದಿಲ್ಲ. ಮುಂದಿನ ಅಂಚಿನಲ್ಲಿ ಪದರ ಪದರ ಎದ್ದುಹೋಗಿ ಸೀರೆಯ ಸೆರಗು ಸಿಕ್ಕಿಹಾಕಿಕೊಳ್ತದೆ.

ಮಗಳಿಗೆ ಬಿಳಿ ಕ್ವಾರ್ಟ್ಸ್ ಬೇಕು. ಅಡಿಗೆಮನೆ ಕತ್ತಲೆ, ಕಟ್ಟೆಯಾದರೂ ಬೆಳ್ಳಗೆ ಇರಲಿ ಅಂತ ಅವಳ ವಾದ. ಅವಳು ಹೇಳುವುದರಲ್ಲಿ ಸುಳ್ಳಿಲ್ಲ. ಇರುವುದು ಒಂದೇ ಕಿಟಕಿ, ಅದೂ ಪಶ್ಚಿಮಕ್ಕೆ. ಮಧ್ಯಾಹ್ನ ಮೂರರ ಮೇಲೆ ಸಿಂಕಿನ ಬದಿಗೆ ಬಿಸಿಲು ನೇರ ಬೀಳ್ತದೆ, ಉಳಿದದ್ದಕ್ಕೆ ಹಗಲಲ್ಲೂ ಲೈಟ್ ಬೇಕು. ಮನೆಯವರು, ಮತ್ತೆ ಕಡಪವೇ ಹಾಕು, ಇಷ್ಟು ವರ್ಷ ಬಾಳಿದೆ ಅಂತಾರೆ. ಕಂಟ್ರಾಕ್ಟರ್ ನ್ಯಾನೊ ವೈಟ್ ಅಂತ ಒಂದು ತುಂಡು ತಂದು ತೋರಿಸಿದ. ಕನ್ನಡಿಯ ಹಾಗೆ ಹೊಳೆಯುತ್ತದೆ, ನೋಡಲಿಕ್ಕೆ ಬಹಳ ಚಂದ.

ನಮ್ಮ ಅಡಿಗೆ ಹೇಗೆ ಅಂತ ಹೇಳಿಬಿಟ್ಟರೆ ಉತ್ತರ ಕೊಡುವವರಿಗೆ ಸುಲಭ ಆದೀತು. ಹುಣಿಸೆಹುಳಿ ಇಲ್ಲದ ದಿನ ಇಲ್ಲ. ಮೀನು ವಾರದಲ್ಲಿ ಎರಡು ಮೂರು ಸಲ, ಬಂಗುಡೆಗೆ ಅರಶಿನ, ಉಪ್ಪು, ಮೆಣಸಿನ ಹುಡಿ ಹಚ್ಚುವುದು ಕಟ್ಟೆಯ ಮೇಲೆಯೇ. ಬೇಸಿಗೆಯಲ್ಲಿ ಊರಿಂದ ಬಂದ ಪುನರ್ಪುಳಿ ಸಿಪ್ಪೆ ನೆನೆಸಿ ಶರಬತ್ತು. ನೀರ್‌ದೋಸೆಯ ಕಾವಲಿ ಬೀಡಿನದ್ದು, ಒಲೆಯಿಂದ ಇಳಿಸಿದರೆ ಸೀದಾ ಕಟ್ಟೆಗೇ ಇಡುವುದು ಅತ್ತೆಯ ಕಾಲದಿಂದ ನಡೆದು ಬಂದ ರೂಢಿ. ಗ್ರೈಂಡರ್ ಮೂಲೆಯಲ್ಲಿ ಖಾಯಂ, ಅದನ್ನು ಎತ್ತಿ ಇಳಿಸುವ ಶಕ್ತಿ ನನ್ನ ಕೈಯಲ್ಲಿ ಈಗ ಇಲ್ಲ. ತೆಂಗಿನಕಾಯಿಯನ್ನು ಕಟ್ಟೆಯ ಅಂಚಿಗೆ ಬಡಿದು ಒಡೆಯುವುದು ಮನೆಯವರ ಅಭ್ಯಾಸ.

ಕಟ್ಟೆ ಎಲ್ ಆಕಾರ. ಒಂದು ಬದಿ 8 ಅಡಿ, ಇನ್ನೊಂದು ಬದಿ 6, ಅಗಲ 2 ಅಡಿ. ಶಿಳ್‌ಫಾಟಾ ರಸ್ತೆಯ ಅಂಗಡಿಯಲ್ಲಿ ಜೆಟ್ ಬ್ಲ್ಯಾಕ್ ಗ್ರಾನೈಟ್‌ಗೆ ಚದರಡಿಗೆ 240 ಹೇಳಿದರು, ಬಿಳಿ ಕ್ವಾರ್ಟ್ಸ್‌ಗೆ 620. ಅಂಚು ಉರುಟು ಮಾಡುವ ಕೂಲಿ, ಕೂರಿಸುವ ಕೂಲಿ ಬೇರೆ. ಹಣ ಹೆಚ್ಚು ಅಂತಲ್ಲ, ಇನ್ನು ನನ್ನ ಕಾಲದಲ್ಲಿ ಮತ್ತೊಮ್ಮೆ ಈ ಅಡಿಗೆಮನೆ ಒಡೆಸುವುದು ಬೇಡ ಅಂತ ಮನಸ್ಸಿನಲ್ಲಿ ಉಂಟು. ಸ್ವಂತ ಮನೆಯಲ್ಲಿ ಹಾಕಿಸಿ ನೋಡಿದವರು, ಕೆಲಸ ಗೊತ್ತಿದ್ದವರು ದಯವಿಟ್ಟು ಹೇಳಿ.

ಮುಲುಂಡ್ ನಿವಾಸಿ

ಮೇಡಂ, ನಮ್ಮನೇಲಿ ಇರೋದು ಬಿಳಿ ಕ್ವಾರ್ಟ್ಸ್. ನನಗೆ ತುಂಬಾ ತೃಪ್ತಿ ಇದೆ, ಆದ್ರೆ ಯಾಕೆ ಅಂತ ಸರಿಯಾಗಿ ಹೇಳಬೇಕು. ನಾವಿರೋದು ಇಬ್ಬರೇ. ಬೆಳಗಿನ ತಿಂಡಿ, ರಾತ್ರಿ ಒಂದು ಸಾರು ಅನ್ನ. ಬಿಸಿ ಪಾತ್ರೆ ಇಡೋಕೆ ಮರದ ಮಣೆ ಒಲೆ ಪಕ್ಕದಲ್ಲೇ ಇರುತ್ತೆ, ಅದನ್ನ ಬಿಟ್ಟು ಎಲ್ಲೂ ಇಡಲ್ಲ. ಅರಿಶಿನ ಬಿದ್ರೆ ಕೂಡಲೇ ಒರೆಸಿಬಿಡ್ತೀವಿ. ರಾತ್ರಿಯೆಲ್ಲ ಹಾಗೇ ಬಿಟ್ರೆ ಹಳದಿ ಛಾಯೆ ನಿಲ್ಲುತ್ತೆ, ಅಡಿಗೆ ಸೋಡಾ ಪೇಸ್ಟ್ ಹಚ್ಚಿಟ್ರೆ ಬಹುಪಾಲು ಹೋಗುತ್ತೆ. ಹುಳಿ ಏನೂ ಮಾಡಲ್ಲ. ನೀರು ಹೀರಲ್ಲ, ಸೀಲರ್ ಹಚ್ಚೋ ಕೆಲಸವೇ ಇಲ್ಲ. ಬೆಳಿಗ್ಗೆ ಅಡಿಗೆಮನೆಗೆ ಹೋದ್ರೆ ಮನಸ್ಸಿಗೆ ಹಿತ ಅನ್ಸುತ್ತೆ, ಅದೂ ಸಣ್ಣ ವಿಷಯ ಅಲ್ಲ.

ಆದ್ರೆ ನೀವು ಬರೆದಿರೋ ಬೀಡಿನ ಕಾವಲಿ ವಿಷಯ ಓದಿ ಹೆದರಿಕೆ ಆಯ್ತು. ನಮ್ಮ ಮೇಲಿನ ಮನೆಯವರು ಬಿಸಿ ಬಾಣಲೆ ಇಟ್ಟ ಜಾಗದಲ್ಲಿ ಕಂದು ಬಣ್ಣದ ಉಂಗುರ ಮೂಡಿದೆ, ಅದು ಯಾವುದಕ್ಕೂ ಹೋಗಿಲ್ಲ.

ಇಳಕಲ್‌ನ ಕಲ್ಲುಕೆಲಸದವ, ಪುಣೆ

ಅಕ್ಕಾರ, ನಮಸ್ಕಾರ್ರಿ. ನಮ್ಮೂರು ಇಳಕಲ್. ಸೀರಿ ಅಂದ್ರ ಎಲ್ಲಾರಿಗೂ ಗೊತ್ತು, ಆದ್ರ ನಮ್ಮ ಕಡೆ ಕೆಂಪು ಗ್ರಾನೈಟಿನ ಕ್ವಾರಿನೂ ಅದಾವ. ಅಪ್ಪ ಕ್ವಾರಿಯೊಳಗ ದುಡದಾರ. ನಾ ಪುಣೆಕ್ಕ ಬಂದು ಕಲ್ಲು ಕೊಯ್ಯೂದು, ಕೂಡಸೂದು ಮಾಡ್ಕೊಂಡು ಬಂದೀನಿ. ನೀವು ನಿಮ್ಮ ಅಡಿಗಿ ಹೆಂಗ ಅಂತ ಬರದ್ರಲ್ಲ, ಭಾಳ ಚಲೋ ಮಾಡಿದ್ರಿ. ಮಂದಿ ಬಣ್ಣ ಹೇಳ್ತಾರ, ರೇಟ್ ಹೇಳ್ತಾರ, ಕಟ್ಟಿ ಮ್ಯಾಲ ಏನ್ ಮಾಡ್ತಾರ ಅನ್ನೂದನ್ನ ಹೇಳಂಗಿಲ್ಲ. ಬಣ್ಣ ಆಮ್ಯಾಲ ನೋಡೂಣ್ರಿ, ಮೊದಲ ನಿಮ್ಮ ಹುಣಸಿಹಣ್ಣು ನೋಡೂಣು.

ಕಡಪ ಅಂದ್ರ ಸುಣ್ಣದಕಲ್ಲು. ಆಂಧ್ರದ ಕಡಪ ಜಿಲ್ಲಾದ ಕಲ್ಲು, ಅದಕ್ಕ ಆ ಹೆಸರು. ನಮ್ಮ ಶಹಾಬಾದ್ ಕಲ್ಲು, ರಾಜಸ್ಥಾನದ ಕೋಟಾ ಕಲ್ಲು, ಎಲ್ಲಾ ಅದ ಜಾತಿ. ಮಾರ್ಬಲ್ಲೂ ಮೂಲದಾಗ ಸುಣ್ಣದಕಲ್ಲ, ಭೂಮಿ ಒಳಗ ಕಾವು ಒತ್ತಡಕ್ಕ ಸಿಕ್ಕು ಹರಳುಗಟ್ಟಿದ್ದು. ಇಂಥಾ ಕಲ್ಲಿಗೆ ಹುಳಿ ತಾಕಿದ್ರ ಹುಳಿ ಕಲ್ಲನ್ನ ತಿಂತೈತಿ. ಪಾಲಿಶ್ ಹೋಗಿ ಬೂದಿ ಬಣ್ಣ ಕಾಣ್ತೈತಿ. ನೀವು ತಿಕ್ಕಿ ತಿಕ್ಕಿ ದಣದ್ರಲ್ಲ, ಅದು ಕಲೆ ಅಲ್ರಿ, ಕಲ್ಲಿನ ಮೈನ ಸವದದ್ದು. ಸಾಬೂನಿಗೆ ಅದು ಹೋಗಂಗಿಲ್ಲ, ಮತ್ತ ಪಾಲಿಶ್ ಹೊಡೀಬೇಕು. ಅಂಚು ಪದರ ಏಳೂದೂ ಆ ಕಲ್ಲಿನ ಹುಟ್ಟುಗುಣ, ಅದು ಪದರ ಪದರ ಕೂತ ಆದ ಕಲ್ಲು. ಯಜಮಾನ್ರಿಗೆ ಇಷ್ಟು ಹೇಳ್ರಿ: ಕಡಪ ತಾಳಿಕಿ ಕಲ್ಲು ಹೌದು, ಗ್ರಾನೈಟಿನ ಕೆಳಗ ನಿಲ್ಲಸೂ ಆಧಾರಕ್ಕ, ಡಬ್ಬಿ ಇಡೂ ಕಪಾಟಿನ ಹಲಗಿಗೆ ಅದು ಇವತ್ತಿಗೂ ಚಲೋನ. ಮ್ಯಾಲಿನ ಕಲ್ಲಾಗಿ ಹುಣಸಿಹಣ್ಣಿನ ಮನಿಗೆ ಬ್ಯಾಡ.

ನ್ಯಾನೊ ವೈಟ್ ಕಲ್ಲ ಅಲ್ರಿ. ಗಾಜನ್ನ ಕಾಸಿ ಹರಳುಗಟ್ಟಿಸಿ ಮಾಡಿದ್ದು. ಕಲಿ ಹಿಡಿಯಂಗಿಲ್ಲ, ಅದು ಖರೆ. ಆದ್ರ ಅಂಚಿಗೆ ಕುಕ್ಕರ್ ತಾಕಿದ್ರ ಚಕ್ಕಿ ಹಾರ್ತೈತಿ, ಸೀಳಿದ್ರ ಕೂಡಿಸಿದ್ದು ಕಣ್ಣಿಗೆ ಹೊಡಿತೈತಿ. ಕಟ್ಟಿ ಅಂಚಿಗೆ ತೆಂಗಿನಕಾಯಿ ಒಡಿಯೂ ಮನಿಯೊಳಗ ಅದನ್ನ ನಾ ಕೂಡಸಂಗಿಲ್ಲ.

ಇನ್ನ ಕ್ವಾರ್ಟ್ಸ್. ಹೆಸರು ಕೇಳಿ ಭೂಮ್ಯಾಗಿಂದ ಅಗದ ತಂದ ಕಲ್ಲು ಅಂತ ಮಂದಿ ತಿಳಕೊಂಡಾರ. ಕ್ವಾರ್ಟ್ಸ್ ಕಲ್ಲಿನ ಪುಡಿ, ನುಚ್ಚು ತೂಕದಾಗ ನೂರಕ್ಕ ತೊಂಬತ್ತರ ಮ್ಯಾಲ, ಉಳದದ್ದು ರಾಳ ಮತ್ತ ಬಣ್ಣ. ಎರಡನ್ನೂ ಕಲಸಿ, ಒತ್ತಿ, ಕಾಸಿ ಫ್ಯಾಕ್ಟರಿಯೊಳಗ ಹಲಗಿ ಮಾಡ್ತಾರ. ಹುಳಿಗೆ ಬಗ್ಗಂಗಿಲ್ಲ, ನೀರು ಕುಡಿಯಂಗಿಲ್ಲ. ಅದರ ಸಂಕಟ ಎಲ್ಲಾ ಆ ರಾಳದ್ದು. 150 ಡಿಗ್ರಿ ಆಚೆ ಹೋದ್ರ ರಾಳ ಕಂದತೈತಿ. ಕುದಿಯೂ ಸಾರಿನ ಪಾತ್ರಿ 100ರ ಆಸುಪಾಸು ಇರ್ತೈತಿ, ಆದ್ರ ನಿಮ್ಮ ಬೀಡಿನ ಕಾವಲಿ 200 ದಾಟಿರ್ತೈತಿ. ಮುಲುಂಡಿನ ಸರ್ ಹೇಳಿದ ಉಂಗುರ ಅದ. ಎರಡನೇದು ಬಿಸಿಲು. ದಿನಾ ನೇರ ಬಿಸಿಲು ಬಿದ್ರ ರಾಳ ಹಳದಿ ತಿರಗತೈತಿ, ಬಿಳಿ ಹಲಗಿಯೊಳಗ ಅದು ಲಗೂನ ಎದ್ದು ಕಾಣ್ತೈತಿ. ನಿಮ್ಮ ಪಶ್ಚಿಮದ ಕಿಟಕಿ ಕೆಳಗ ಒಂದು ತುಂಡು ಹಳದಿ, ಒಲಿ ಕಡೆ ಬಿಳಿ, ಹಿಂಗಾದ್ರ ಮಗಳಿಗೂ ಸಮಾಧಾನ ಆಗಂಗಿಲ್ಲ.

ಅಂಗಡ್ಯಾಗ ಯಾರೂ ಹೇಳದ ಮಾತು ಇನ್ನೊಂದೈತಿ. ಕಲ್ಲು ಕೊಯ್ಯೂ ಧೂಳಿನಾಗ ಇರೂ ಸಿಲಿಕಾ ಪುಪ್ಪುಸಕ್ಕ ಹೋಗಿ ಕೂತ್ರ ಸಿಲಿಕೋಸಿಸ್ ಅನ್ನೂ ರೋಗ ಬರ್ತೈತಿ. ಅದಕ್ಕ ಔಷಧ ಇಲ್ರಿ, ಉಸಿರು ದಿನದಿನಕ್ಕ ಕಡಿಮಿ ಆಕ್ಕೋತ ಹೋಗ್ತೈತಿ. ಗ್ರಾನೈಟಿನಾಗೂ ಸಿಲಿಕಾ ಐತಿ, ಆದ್ರ ಸಾಮಾನ್ಯ ಕ್ವಾರ್ಟ್ಸ್ ಹಲಗಿಯ ಅರ್ಧಕ್ಕಿಂತ ಕಡಿಮಿ. ಜೆಟ್ ಬ್ಲ್ಯಾಕ್‌ನಾಗ ಇನ್ನೂ ಕಡಿಮಿ. ಆಸ್ಟ್ರೇಲಿಯಾದಾಗ ಸಣ್ಣ ವಯಸ್ಸಿನ ಹುಡುಗ್ರು ಈ ರೋಗಕ್ಕ ಬಿದ್ದದ್ದು ಕಂಡು 2024ರ ಜುಲೈ 1ರಿಂದ ಕ್ವಾರ್ಟ್ಸ್ ಹಲಗಿ ಮಾಡೂದು, ಮಾರೂದು, ಕೂಡಸೂದು ಎಲ್ಲಾ ಬಂದ್ ಮಾಡ್ಯಾರ. ನಮ್ಮಲ್ಲಿ ಬಿಲ್ಡಿಂಗಿನ ಜಿನ್ಯಾಗ ಕುಂತು, ಮುಖಕ್ಕ ಒಂದು ಕರ್ಚೀಫ್ ಕಟ್ಕೊಂಡು, ಒಣಾ ಗ್ರೈಂಡರ್ ಹಿಡದು ಕೊಯ್ಯೂ ಹುಡುಗ್ರು ಎಲ್ಲಾ ಕಡೆ ಕಾಣ್ತಾರ. ಆ ಕರ್ಚೀಫಿಗೆ ಈ ಧೂಳು ನಿಲ್ಲಂಗಿಲ್ಲ. ನನ್ನ ಜೋಡಿ ದುಡದವರೊಳಗ ಈಗ ಎರಡು ಮೆಟ್ಟಲಾ ಹತ್ತಿದ್ರ ಕುಂಡ್ರೂ ಪರಿಸ್ಥಿತಿಯವ್ರು ಅದಾರ. ಅಕ್ಕಾರ, ಯಾವ ಕಲ್ಲ ಆರಿಸ್ರಿ, ಸಿಂಕಿನ ತೂತು, ಒಲಿ ತೂತು, ಅಂಚಿನ ಮೋಲ್ಡಿಂಗ್ ಎಲ್ಲಾ ಅಂಗಡಿಯ ಕಾರಖಾನೆಯೊಳಗ ನೀರು ಬಿಟ್ಟು ಕೊಯ್ದು ತರ್ರಿ ಅಂತ ಮೊದಲ ಕರಾರು ಮಾಡ್ಕೋರಿ. ಮನಿಯೊಳಗ ಸಣ್ಣ ಪುಟ್ಟ ಸವರೂದು ಬಂದ್ರ ಬಕೆಟ್ ನೀರು ನೀವ ಕೊಡ್ರಿ.

ಹಂಗಾದ್ರ ನಿಮಗ ಯಾವುದು? ಕರಿ ಗ್ರಾನೈಟ್. ಜೆಟ್ ಬ್ಲ್ಯಾಕ್ ಅಂತ ಮಾರೂದು ಭೂವಿಜ್ಞಾನದವರ ಲೆಕ್ಕದಾಗ ಗ್ರಾನೈಟ್ ಅಲ್ಲ, ಡೋಲರೈಟ್, ಗ್ಯಾಬ್ರೋ ಜಾತಿಯ ಕಲ್ಲು. ನಮ್ಮ ಚಾಮರಾಜನಗರದ ಕರಿ ಕಲ್ಲಿಗೆ ಪರದೇಶದಾಗೂ ಹೆಸರೈತಿ. ಚಿನ್ನದ ಚುಕ್ಕಿ ಇರೂ ಗ್ಯಾಲಕ್ಸಿ ಬೇಕಾದ್ರ ಅದು ಆಂಧ್ರದ ಪ್ರಕಾಶಂ ಜಿಲ್ಲಾದ ಚೀಮಕುರ್ತಿದು. ಇವು ಒತ್ತಾಗಿ ಹರಳು ಕೂಡಿದ ಕಲ್ಲು, ಎಣ್ಣಿ ನೀರು ಭಾಳ ಕಡಿಮಿ ಹೀರತಾವ. ಸ್ಟೀಲಿನ ಚಾಕು ಇದರ ಮ್ಯಾಲ ಗೆರಿ ಎಳಿಯಂಗಿಲ್ಲ, ಚಾಕುನ ಮೊಂಡಾಗ್ತೈತಿ. ಕಾವಲಿ ಇಟ್ರೂ ಏನೂ ಆಗಂಗಿಲ್ಲ. ಒಂದ ಎಚ್ಚರ, ಒಲಿ ತೂತಿನ ಮುಂದ ಮೂರು ನಾಕು ಇಂಚಿನ ಸಣ್ಣ ಪಟ್ಟಿ ಉಳಿತೈತಲ್ಲ, ಅಲ್ಲಿ ಮಾತ್ರ ಸುಡೂದು ಇಡಬ್ಯಾಡ್ರಿ.

ಆದ್ರ ಕರಿ ಅಂದದ್ದೆಲ್ಲಾ ಕರಿ ಅಲ್ಲ. ಬೂದಿ ಬಣ್ಣದ ಅಗ್ಗದ ಕಲ್ಲಿಗೆ ಕರಿ ಬಣ್ಣ ಕುಡಿಸಿ ಮಾರೂದು ಐತಿ. ಉಗುರುಬಣ್ಣ ಅಳಿಸೂ ಅಸಿಟೋನ್ ಒಂದು ಬಾಟಲಿ, ಹತ್ತಿ, ಒಂದು ನಿಂಬಿಹಣ್ಣು ಚೀಲದಾಗ ಇಟ್ಕೊಂಡು ಹೋಗ್ರಿ. ಹತ್ತಿಗೆ ಅಸಿಟೋನ್ ಹಾಕಿ ಕಲ್ಲಿನ ಮೂಲಿ ಗಟ್ಟಿಯಾಗಿ ಒರಸ್ರಿ, ಹತ್ತಿ ಕರ್ರಗಾದ್ರ ಅಲ್ಲಿಂದ ಎದ್ದು ಬರ್ರಿ. ಕೆಲವು ಕರಿ ಕಲ್ಲಿನಾಗ ಸುಣ್ಣದ ಅಂಶ ಇರ್ತೈತಿ, ಅದಕ್ಕ ನಿಂಬಿ ರಸ. ಒಂದು ತುಂಡಿನ ಮ್ಯಾಲ ಹಿಂಡಿ ಕಾಲು ತಾಸು ಬಿಟ್ಟು ತೊಳದು ಒಣಗಿಸಿ ಬೆಳಕಿಗೆ ಹಿಡೀರಿ, ಹೊಳಪು ಮಾಸಿರಬಾರದು. ಆಮ್ಯಾಲ ನಿಮಗ ಕೊಡೂ ಹಲಗಿಗೆನ ಒಂದು ಮಗ್ ನೀರು ಸುರದು ಒರಸ್ರಿ. ಕಲ್ಲೆಲ್ಲಾ ಒಣಗಿ ಒಂದು ಎಳಿ ಮಾತ್ರ ಹಸಿ ಉಳೀತಂದ್ರ ಅಲ್ಲಿ ಸೀಳೈತಿ. ಬೆರಳಿನ ಗಣ್ಣಿಂದ ಬಡದ್ರ ಗಂಟಿ ಹಂಗ ನಾದ ಬರ್ಬೇಕು, ದಬ್ ಅಂದ್ರ ಬ್ಯಾಡ. ಹಿಂದ ತಿರಿವಿ ನೋಡ್ರಿ, ನೈಲಾನ್ ಜಾಳಿಗಿ ಅಂಟಿಸಿದ್ರ ಯಾಕ ಅಂತ ಕೇಳ್ರಿ. ದಪ್ಪ ಟೇಪ್ ಹಿಡದು ಅಳೀರಿ, 18 ಮಿಲಿಮೀಟರ್ ಅಂತ ಹೇಳಿ 15 ಕೊಡೂ ಮಂದಿ ಅದಾರ.

ಡೊಂಬಿವಲಿಯ ಮನೆಯಾಕೆ

ಅಣ್ಣಾ, ಇಷ್ಟು ಸಮಯ ಕೊಟ್ಟು ಬರೆದದ್ದಕ್ಕೆ ಹೇಗೆ ಉಪಕಾರ ಹೇಳುವುದೋ. ನಿಮ್ಮ ಉತ್ತರವನ್ನು ಊಟಕ್ಕೆ ಕೂತಾಗ ಗಟ್ಟಿಯಾಗಿ ಓದಿ ಹೇಳಿದೆ. ಧೂಳಿನ ವಿಷಯ ಕೇಳಿ ಮಗಳು ಕ್ವಾರ್ಟ್ಸ್ ಬೇಡ ಅಂತ ತಾನೇ ಹೇಳಿದಳು, ನಾನು ಒತ್ತಾಯ ಮಾಡಲಿಲ್ಲ. ಆದರೆ ಕತ್ತಲೆಯದ್ದು ಹಾಗೇ ಉಳಿಯಿತು. ಬಿಳಿ ಮಾರ್ಬಲ್ ಆಗುವುದಿಲ್ಲ ಅಂತ ಈಗ ಅರ್ಥ ಆಯಿತು, ಬಿಳಿ ಬಣ್ಣದ ಗ್ರಾನೈಟೇ ಸಿಗ್ತದಂತಲ್ಲ, ಅದು ಹೇಗೆ?

ಇನ್ನೆರಡು ಸಂಗತಿ. ನಮ್ಮ ಲಿಫ್ಟ್ ಸಣ್ಣದು, 8 ಅಡಿಯ ಕಲ್ಲು ಒಳಗೆ ಹೋಗುವುದಿಲ್ಲ. ಕಂಟ್ರಾಕ್ಟರ್ ಎರಡು ತುಂಡು ಮಾಡಿ ತರ್ತೇನೆ ಅಂತಾನೆ. ಮತ್ತೆ ಕಟ್ಟೆಯ ಎತ್ತರ. ನಾನು 5 ಅಡಿ ಇರುವುದು. ಅವನು 36 ಇಂಚು ಈಗಿನ ಪದ್ಧತಿ ಅಂತಾನೆ. ಈಗ ಇರುವುದು 32.

ವಾಸ್ಕೊದಿಂದ, ಅಂಕೋಲೆಯವಳು

ಅಕ್ಕ, ಬಿಳಿ ಗ್ರಾನೈಟ್ ಬಗ್ಗೆ ನಾನು ಹೇಳ್ತೇನೆ. ವಾಸ್ಕೊದಲ್ಲಿ ಮನೆಯಿಂದಲೇ ಮೀನೂಟದ ಡಬ್ಬಿ ಮಾಡಿ ಕೊಡುವವಳು ನಾನು. ಹುಳಿ ಅಂದರೆ ನಮ್ಮದು ಕೋಕಂ, ಹುಣಿಸೆ, ಅದರ ಮೇಲೆ ಗೋವೆಯ ತೆಂಗಿನ ಸೇಂದಿಯ ವಿನೆಗರ್. ಇಲ್ಲಿ ಹೊಸ ಬಂಗಲೆಗಳಲ್ಲಿ ಬಿಳಿ ಮಾರ್ಬಲ್ ಕಟ್ಟೆ ಹಾಕಿಸುವ ಗಿರಾಕಿಗಳು ಬಹಳ. ಅಡಿಗೆ ಆಗದ ಮನೆಗೆ ಸರಿ. ವಿನೆಗರಿನ ಬಾಟಲಿಯ ತಳ ಕೂತ ಕಡೆಯಲ್ಲೆಲ್ಲ ಉರುಟು ಗುರುತು ಬೀಳ್ತದೆ.

ಬಿಳಿ ಗ್ರಾನೈಟ್ ಹುಳಿಗೆ ಹೆದರುವುದಿಲ್ಲ, ಬಿಸಿಗೂ ಹೆದರುವುದಿಲ್ಲ. ಆದರೆ ಕರಿ ಕಲ್ಲಿಗಿಂತ ಹೆಚ್ಚು ನೀರು, ಎಣ್ಣೆ ಹೀರ್ತದೆ. ತುಂಡಿನ ಮೇಲೆ ನಾಲ್ಕು ಹನಿ ನೀರು, ನಾಲ್ಕು ಹನಿ ಎಣ್ಣೆ ಬಿಟ್ಟು ಹತ್ತು ಹದಿನೈದು ನಿಮಿಷ ನೋಡಿ, ಕಪ್ಪಾದರೆ ಹೀರ್ತದೆ ಅಂತಲೇ ಅರ್ಥ. ಅಂಥದ್ದಕ್ಕೆ ಕಲ್ಲಿನ ಸೀಲರ್ ಹಚ್ಚಬೇಕು, ಒಮ್ಮೆ ಹಚ್ಚಿ ಮರೆಯುವ ಹಾಗಿಲ್ಲ, ಹನಿ ನಿಲ್ಲದೆ ಹೀರಲು ಸುರುವಾದಾಗ ಮತ್ತೆ ಹಚ್ಚಬೇಕು. ಇನ್ನು ಕೆಲವು ಬಿಳಿ ಕಲ್ಲಿನಲ್ಲಿ ಕಬ್ಬಿಣದ ಅಂಶದ ಸಣ್ಣ ಕಣ ಇರ್ತಾವೆ. ನಮ್ಮ ಕರಾವಳಿಯ ತೇವಕ್ಕೆ ಅವು ತುಕ್ಕು ಹಿಡಿದು ಕಂದು ಚುಕ್ಕೆಯಾಗಿ ಹೊರಗೆ ಬರ್ತಾವೆ, ಸಿಂಕಿನ ಸುತ್ತ ಮೊದಲು. ಕೂರಿಸುವಾಗ ಕೆಳಗೆ ಮಾಮೂಲಿ ಸಿಮೆಂಟ್ ಹಾಕಿದರೆ ಅದರ ಬೂದಿ ಬಣ್ಣವೂ ತೇವದ ಜೊತೆ ಮೇಲೆ ಏರಿ ಕಾಣ್ತದೆ, ಬಿಳಿ ಸಿಮೆಂಟೇ ಬೇಕು. ಡೊಂಬಿವಲಿಯ ಮಳೆಗಾಲ ನಮ್ಮದಕ್ಕಿಂತ ಏನೂ ಕಡಿಮೆ ಅಲ್ಲ, ಹಾಗಾಗಿ ನಿಮ್ಮ ಅಡಿಗೆಗೆ ನಾನೂ ಕಪ್ಪನ್ನೇ ಹೇಳುವೆ.

ಬೆಳಕಿಗೆ ಬೇರೆ ದಾರಿ ಉಂಟು. ಗೋಡೆಗೆ ಕಟ್ಟೆಯಿಂದ ಮೇಲಿನ ಕಪಾಟಿನವರೆಗೆ ಹೊಳಪಿನ ಬಿಳಿ ಟೈಲ್ಸ್ ಹಾಕಿಸಿ, ಕಪಾಟಿನ ಅಡಿಯಲ್ಲಿ ಉದ್ದಕ್ಕೆ ಎಲ್‌ಇಡಿ ಪಟ್ಟಿ ಕೂರಿಸಿ. ಈಗ ನಿಮ್ಮ ಲೈಟ್ ಮಾಡಿನಲ್ಲಿ ಇರಬೇಕು, ಕಟ್ಟೆಗೆ ನಿಂತರೆ ನಿಮ್ಮ ನೆರಳೇ ಈಳಿಗೆಯ ಮೇಲೆ ಬೀಳ್ತದೆ. ಪಟ್ಟಿ ಲೈಟ್ ಮುಂದಿನಿಂದ ಬೀಳ್ತದೆ, ಮೀನಿನ ಪೊರೆ ಒಂದೂ ತಪ್ಪುವುದಿಲ್ಲ. ಹೇಗೂ ಗೋಡೆ ಒಡೆಸ್ತೀರಿ, ವೈರ್ ಈಗಲೇ ಎಳೆಸಿಬಿಡಿ.

ಮತ್ತೊಂದು. ಲೆದರ್ ಫಿನಿಶ್ ಅಂತ ತೋರಿಸ್ತಾರೆ, ಚರ್ಮದ ಹಾಗೆ ಸಣ್ಣ ತಗ್ಗುದಿಣ್ಣೆ ಇರುವ ಮೈ, ಕಪ್ಪು ಕಲ್ಲಿನಲ್ಲಿ ಬಹಳ ಚಂದ, ಬೆರಳಿನ ಗುರುತು ಕಾಣುವುದಿಲ್ಲ. ನನ್ನ ಕೆಲಸಕ್ಕೆ ಅದು ಹಿಡಿಸಲಿಲ್ಲ. ಅಕ್ಕಿಹಿಟ್ಟು, ಮೀನಿನ ನಂಜು ಆ ತಗ್ಗುಗಳಲ್ಲಿ ಕೂತು ಒರೆಸಿದ್ದು ಸಾಲದು ಅನಿಸ್ತದೆ. ನುಣ್ಣನೆಯ ಪಾಲಿಶ್ ಇರಲಿ.

ಇಳಕಲ್‌ನ ಕಲ್ಲುಕೆಲಸದವ, ಪುಣೆ

ವಾಸ್ಕೊದ ತಂಗ್ಯಾರು ಹೇಳಿದ್ದು ಒಂದೂ ತಗದು ಹಾಕಂಗಿಲ್ಲ. ಬಿಳಿ ಸಿಮೆಂಟಿನ ಮಾತು ಭಾಳ ಮಂದಿಗೆ ಗೊತ್ತಿಲ್ಲ.

ಲಿಫ್ಟಿನ ವಿಷಯ. 8 ಅಡಿ ಉದ್ದ 2 ಅಡಿ ಅಗಲದ ಕರಿ ಕಲ್ಲು ಸುಮಾರು 80 ಕೆಜಿ ಆಕ್ಕೈತಿ. ನಾಕು ಮಂದಿ ಇದ್ರ ಮೂರು ಮಾಳಿಗಿ ಮೆಟ್ಟಲಾ ಮ್ಯಾಲ ತರಬಹುದು, ಆದ್ರ ಕಲ್ಲನ್ನ ಅಡ್ಡ ಮಲಗಿಸಿ ಎಂದೂ ಹೊರಬಾರದು, ಅಂಚಿನ ಮ್ಯಾಲ ನಿಲ್ಲಿಸ್ಕೊಂಡ ಬರಬೇಕು. ಮಲಗಿಸಿದ್ರ ತನ್ನ ಭಾರಕ್ಕ ತಾನ ಮುರೀತೈತಿ, ಸಿಂಕಿನ ತೂತು ಮೊದಲ ಕೊಯ್ದಿದ್ರಂತೂ ಖಾತ್ರಿ. ಮೆಟ್ಟಲಾ ತಿರುವು ಎಷ್ಟೈತಿ ಅಂತ ಟೇಪ್ ಹಿಡದು ಮೊದಲ ನೋಡ್ರಿ. ತಿರುಗತೈತಿ ಅಂದ್ರ 8 ಅಡಿ ಒಂದ ತುಂಡು, ಇನ್ನೊಂದು ಬದಿಗೆ 4 ಅಡಿ ತುಂಡು, ಜೋಡು ಮೂಲಿಯೊಳಗ ನೆಟ್ಟಗ ಬರಲಿ, ಓರೆ ಬ್ಯಾಡ. ತಿರುಗಂಗಿಲ್ಲ ಅಂದ್ರ ಜೋಡನ್ನ ಸಿಂಕು, ಒಲಿ ಎರಡರಿಂದನೂ ದೂರ ಬರೂ ಹಂಗ ಗೆರಿ ಹಾಕಿಸ್ರಿ. ಕಂಟ್ರಾಕ್ಟರ್‌ಗೆ ಸಿಂಕಿನ ನಡುವ ಜೋಡು ಮಾಡೂದು ಹಗುರ, ಕೊಯ್ಯೂದು ಕಡಿಮಿ. ಆದ್ರ ನೀರು ಸದಾ ಬೀಳೂ ಜಾಗದಾಗ ಜೋಡು ಇದ್ರ ಕೆಳಗಿನ ಪ್ಲೈ ಉಬ್ಬತೈತಿ. ಜೋಡಿಗೆ ಕರಿ ಬಣ್ಣ ಕೂಡಿಸಿದ ಎಪಾಕ್ಸಿ ಅಂಟು ಹಾಕಬೇಕು, ಸಿಮೆಂಟ್ ಅಲ್ಲ.

ತೂತಿನ ಒಳಮೂಲಿ ನಾಕೂ ಉರುಟಾಗಿರ್ಲಿ. ಚೌಕಾಗಿ ಕೊಯ್ದ ಮೂಲಿಯಿಂದನ ಸೀಳು ಹುಟ್ಟೂದು. ಮುಂದಿನ ಅಂಚು ಅರ್ಧ ಉರುಟು ಸಾಕು, ಸೀರಿ ಸಿಗಂಗಿಲ್ಲ, ಚಕ್ಕಿನೂ ಏಳಂಗಿಲ್ಲ. ಅಂಚಿನ ಕೆಳಮೈಯಾಗ ಒಂದು ಸಣ್ಣ ಗೀರು ಹೊಡಸ್ರಿ, ಕಟ್ಟಿ ಮ್ಯಾಲಿಂದ ಹರಿದ ನೀರು ಅಲ್ಲೇ ತೊಟ್ಟಿಕ್ಕತೈತಿ, ಕಪಾಟಿನ ಬಾಗಲಾ ನೆನಿಯಂಗಿಲ್ಲ. ಕಟ್ಟಿ ಸಿಂಕಿನ ಕಡೆ ಕೂದಲೆಳಿಯಷ್ಟು ಇಳಿಜಾರು ಇರ್ಲಿ. ಗ್ರೈಂಡರ್ ಕೂಡೂ ಮೂಲಿ ಕೆಳಗ ಪೊಳ್ಳು ಬಿಡಬಾರದು, ಅಲ್ಲಿ ಒಂದು ಕಡಪದ ಆಧಾರ ನಿಲ್ಲಸ್ರಿ. ಯಜಮಾನ್ರು ಕೇಳಿದ ಕಡಪ ಅಲ್ಲಿ ಬಂತು.

ಎತ್ತರ ನಿಮ್ಮ ಮೈಗೆ ತಕ್ಕಂಗ ಇರಬೇಕ್ರಿ, ಪದ್ಧತಿಗಲ್ಲ. ಚಪ್ಪಲಿ ಬಿಟ್ಟು ನೆಟ್ಟಗ ನಿಂತು ಮೊಣಕೈ ಮಡಚ್ರಿ, ನೆಲದಿಂದ ಮೊಣಕೈವರೆಗೆ ಅಳೀರಿ, ಅದರಾಗ ನಾಕು ಇಂಚು ಕಳೀರಿ. 5 ಅಡಿಯವ್ರಿಗೆ 32ರಿಂದ 33 ಬರ್ತೈತಿ. ಮ್ಯಾಲ ಇಡೂ ಗ್ಯಾಸ್ ಒಲಿ ಇದ್ರ ಅದ ಮತ್ತ ನಾಕು ಇಂಚು, ಅದರ ಮ್ಯಾಲ ದೊಡ್ಡ ಪಾತ್ರಿ. 36ರ ಕಟ್ಟಿ ಮಾಡಿದ್ರ ಸಾರು ಕಲಸೂವಾಗ ಹೆಗಲು ಎತ್ತಿ ಎತ್ತಿ ಕೈ ಸೋಲತೈತಿ. ಹೊಸಾ ಟೈಲ್ಸ್ ಹಾಕಿದ ಮ್ಯಾಲಿನ ನೆಲದಿಂದ ಅಳಿಬೇಕು ಅನ್ನೂದನ್ನ ಕಂಟ್ರಾಕ್ಟರ್‌ಗೆ ಬರದ ಕೊಡ್ರಿ.

ಡೊಂಬಿವಲಿಯ ಮನೆಯಾಕೆ

ಎಲ್ಲರಿಗೂ ತಿಳಿಸ್ತೇನೆ ಅಂತ ಬಂದೆ. ಜೆಟ್ ಬ್ಲ್ಯಾಕ್ ಅಂತ ನಿಶ್ಚಯ ಆಯಿತು. ಮೊದಲು 240 ಹೇಳಿದ ಅಂಗಡಿಯಲ್ಲಿ ಅಸಿಟೋನ್ ಹಾಕಿ ಒರೆಸಿದಾಗ ಹತ್ತಿ ಮಸಿಯ ಹಾಗೆ ಆಯಿತು. ಅಂಗಡಿಯವ ಅದು ಮೇಲಿನ ಧೂಳು ಅಂದ, ನಾನು ಎರಡನೇ ಹತ್ತಿ ತೆಗೆದು ಮತ್ತೆ ಒರೆಸಿದೆ, ಅದೂ ಕಪ್ಪು. ಅಲ್ಲಿಂದ ಎದ್ದು ಬಂದೆವು. ಘೋಡ್‌ಬಂದರ್ ರಸ್ತೆಯ ಇನ್ನೊಂದು ಕಡೆ ಸಿಕ್ಕಿದ ಕಲ್ಲು ಹತ್ತಿಗೂ ನಿಂಬೆಹುಳಿಗೂ ಜಗ್ಗಲಿಲ್ಲ, ಚದರಡಿಗೆ 290. ಅಲ್ಲಿಯೇ ನೀರು ಹಾಕಿ ಕೊಯ್ಯುವ ಯಂತ್ರ ಉಂಟು, ಕೊಯ್ದೇ ಕಳಿಸಿಕೊಡಲು ಒಪ್ಪಿದ್ದಾರೆ. ಹಲಗೆಯ ಹಿಂದೆ ನಮ್ಮ ಹೆಸರು ಬರೆಸಿ ಬಂದಿದ್ದೇವೆ, ಬೇರೆ ಕಲ್ಲು ಬದಲಿಸಿ ಕಳಿಸಬಾರದಲ್ಲ. ಮೆಟ್ಟಿಲಿನ ತಿರುವಿನಲ್ಲಿ 8 ಅಡಿಯ ಮರದ ಪಟ್ಟಿ ಹಿಡಿದು ತಿರುಗಿಸಿ ನೋಡಿದೆವು, ಆಗ್ತದೆ. ಎತ್ತರ 32 ಮುಕ್ಕಾಲು. ಮಗಳು ಬಿಳಿ ಟೈಲ್ಸ್ ಮತ್ತು ಲೈಟ್ ಪಟ್ಟಿ ಆರಿಸಿದ್ದಾಳೆ.

ಒಂದೇ ಪ್ರಶ್ನೆ ಉಳಿದಿದೆ. ಸಿಂಕಿನ ತೂತಿನಿಂದ ಹೊರಬರುವ ತುಂಡಿಗೂ ನಾವೇ ಹಣ ಕೊಡಬೇಕಂತೆ. ಅದು ಸರಿಯಾ? ಮತ್ತೆ ಕಟ್ಟೆ ಕೂರಿಸಿ ಎಷ್ಟು ಹೊತ್ತಿಗೆ ಗ್ರೈಂಡರ್ ಇಡಬಹುದು?

ಇಳಕಲ್‌ನ ಕಲ್ಲುಕೆಲಸದವ, ಪುಣೆ

ಹೌದ್ರಿ, ಕಲ್ಲನ್ನ ಹಲಗಿ ಲೆಕ್ಕದಾಗ ಮಾರ್ತಾರ, ತೂತಿನ ತುಂಡೂ ಅದರಾಗ ಬಂತು. ಹಣ ಕೊಟ್ಟ ಮ್ಯಾಲ ತುಂಡು ನಿಮ್ಮದು, ಬಿಟ್ಟು ಬರಬ್ಯಾಡ್ರಿ. ನಾಕೂ ಅಂಚು ಸವರಿಸಿ ಕೊಡು ಅಂದ್ರ ಚಪಾತಿ ಲಟ್ಟಸಾಕ ಹಲಗಿ ಆಕ್ಕೈತಿ, ಕಾವಲಿ ಇಡಾಕೂ ಬರ್ತೈತಿ. ಹಲಗಿಯ ಉದ್ದನ್ನ ಚೂರು ಉಳದ್ರ ಗೋಡಿಗುಂಟ ನಾಕು ಇಂಚಿನ ಪಟ್ಟಿ, ಕಿಟಕಿಯ ತಳಕ್ಕ ಒಂದು ಪಟ್ಟಿ ಮಾಡಿಸ್ರಿ.

ಕಟ್ಟಿ ಕೂಡಿಸಿದ ದಿನ ಮ್ಯಾಲ ಏನೂ ಇಡಬ್ಯಾಡ್ರಿ, ಎಪಾಕ್ಸಿ ಪೂರಾ ಗಟ್ಟಿ ಆಗ್ಲಿ. ಮರುದಿನ ಒಲಿ ಇಟ್ಟು ಅಡಿಗಿ ಮಾಡ್ರಿ. ಗ್ರೈಂಡರ್ ಇನ್ನೂ ಎರಡು ದಿನ ನೆಲದ ಮ್ಯಾಲೇ ಇರ್ಲಿ. ಸಿಮೆಂಟಿನ ಕಲಿ ತಗಿಯಾಕ ಕೆಲಸದವ್ರು ಬಾತ್‌ರೂಮ್ ಆಸಿಡ್ ತರ್ತಾರ, ಕಟ್ಟಿ ಹತ್ರ ಬಿಡಬ್ಯಾಡ್ರಿ, ಬಿಸಿನೀರು ಮತ್ತ ಪಾತ್ರಿ ತೊಳಿಯೂ ಸಾಬೂನು ಸಾಕು.